ಕಾರ್ಲ್ ಬೆಂಜ್ ಮತ್ತು ಏರುದಾರಿಯ ಪಾಠ

ಜನರಿಂದ ಕಿಕ್ಕಿರಿದ ಬಸ್ಸೊಂದು ಘಟ್ಟದ ದಾರಿಯನ್ನು ಹತ್ತುವಾಗ ಚಾಲಕನು ಏನು ಮಾಡುತ್ತಾನೆಂಬುದನ್ನು ನಾವೆಲ್ಲರೂ ನೋಡಿದ್ದೇವೆ. ಏರು ಕಡಿದಾಗುತ್ತಲೇ ಅವನು ತನ್ನ ಎಡಗೈಯಿಂದ ಗಿಯರಿನ ಹಿಡಿಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸರಿಸುತ್ತಾನೆ. ಎಂಜಿನ್ನಿನ ಆರ್ಭಟ ಒಮ್ಮೆಲೇ ಹೆಚ್ಚುತ್ತದೆ. ಬಸ್ಸಿನ ಓಟ ಮಾತ್ರ ಕುಗ್ಗುತ್ತದೆ. ಯಂತ್ರವು ಇನ್ನಷ್ಟು ಬೇಗ ತಿರುಗುತ್ತಿರುವಾಗ ಗಾಡಿಯೇಕೆ ಇನ್ನಷ್ಟು ನಿಧಾನವಾಗಬೇಕು? ನಿಧಾನವಾದ ಗಾಡಿಯೇ ಏರನ್ನು ಹತ್ತಬಲ್ಲುದೇಕೆ? ಕಿಟಕಿಯ ಬಳಿ ಕುಳಿತು ಕಣಿವೆಯ ಸೊಬಗನ್ನು ಸವಿಯುವ ನಮ್ಮಂತಹ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಳೆಯುವುದು ಅಪರೂಪ. ಆದರೆ ಈ ಪ್ರಶ್ನೆಯೊಡನೆ ತನ್ನ ಇಡೀ ಬಾಳನ್ನು ಹೆಣೆದುಕೊಂಡ ಮಹನೀಯನೊಬ್ಬನಿದ್ದನು. ಪೆಟ್ರೋಲಿನಿಂದ ಓಡುವ ಗಾಡಿಯನ್ನು ಜಗತ್ತಿಗೆ ಕೊಟ್ಟ ಕಾರ್ಲ್ ಬೆಂಜನೇ ಆತನು. ಗಿಯರಿನ ಪಾಠವನ್ನು ಆತನಿಗೆ ಮೊದಲು ಕಲಿಸಿದವಳು ಅವನ ಹೆಂಡತಿ; ಎರಡನೆಯ ಬಾರಿ ಕಲಿಸಿದ್ದು ಕಾಲ. ಮೊದಲನೆಯ ಸಲ ಅವನು ಕಲಿತನು, ಗೆದ್ದನು. ಎರಡನೆಯ ಸಲ ಕಲಿಯಲು ಮನಸ್ಸು ಮಾಡಲಿಲ್ಲ. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾರ್ಲ್ ಬೆಂಜನು 1844ನೆಯ ಇಸವಿ ನವೆಂಬರ್ 25ರಂದು ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣಕ್ಕೆ ಸೇರಿದ ಮ್ಯೂಲ್‌ಬುರ್ಗ್ ಎಂಬಲ್ಲಿ ಹುಟ್ಟಿದನು. ತಂದೆ ಯೋಹಾನ್ ಗೆಯೋರ್ಗ್ ಬೆಂಜ್ ರೈಲ್ವೆ ಎಂಜಿನ್ ಚಾಲಕ. ಮಗನಿಗೆ ಎರಡು ವರ್ಷ ತುಂಬುವುದರೊಳಗೆ, 1846ರಲ್ಲಿ, ಆತನು ನ್ಯುಮೋನಿಯಾದಿಂದ ತೀರಿಕೊಂಡನು. ತಾಯಿ ಯೋಸೆಫೀನಳು ಬಡತನದಲ್ಲಿಯೇ ಮಗನನ್ನು ಬೆಳೆಸಿ, ಒಳ್ಳೆಯ ವಿದ್ಯೆ ಕೊಡಿಸಿದಳು. ತಂದೆಯ ಮುಖವನ್ನು ಹುಡುಗನು ನೆನಪಿನಲ್ಲಿಟ್ಟುಕೊಳ್ಳಲಾರದೆ ಹೋದರೂ ತಂದೆಯ ಯಂತ್ರದ ಮೋಹ ಅವನ ರಕ್ತದಲ್ಲಿ ಉಳಿಯಿತು. ಗಡಿಯಾರಗಳನ್ನು ಬಿಚ್ಚಿ ದುರಸ್ತಿ ಮಾಡುವುದು ಅವನಿಗೆ ಬಾಲ್ಯದಲ್ಲಿಯೇ ಕೈವಶವಾಗಿತ್ತು. ದೊಡ್ಡ ಚಕ್ರವೊಂದು ಪುಟ್ಟ ಚಕ್ರವನ್ನು ಹಲ್ಲಿಗೆ ಹಲ್ಲು ಕೂಡಿಸಿ ಓಡಿಸುವ ಚಮತ್ಕಾರವನ್ನು ಅವನು ಮೊದಲು ಕಂಡದ್ದು ಅಲ್ಲಿಯೇ ಇರಬೇಕು. ಹದಿನೈದನೆಯ ವಯಸ್ಸಿನಲ್ಲಿ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್ ಸೇರಿ, 1864ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೇ ಯಂತ್ರಶಾಸ್ತ್ರದಲ್ಲಿ ಉತ್ತೀರ್ಣನಾದನು. ಯಂತ್ರಶಿಲ್ಪವನ್ನು ಜರ್ಮನಿಯಲ್ಲಿ ಶಾಸ್ತ್ರದ ಮಟ್ಟಕ್ಕೇರಿಸಿದ ಫೆರ್ಡಿನಾಂಡ್ ರೆಡ್ಟೆನ್‌ಬಾಖರ್ ಅಲ್ಲಿ ಅವನಿಗೆ ಗುರುವಾಗಿದ್ದನು.

ತಂದೆ ನಡೆಸುತ್ತಿದ್ದ ಉಗಿಯಂತ್ರಕ್ಕೂ ಮಗನು ಮುಂದೆ ಕಟ್ಟಲಿದ್ದ ಯಂತ್ರಕ್ಕೂ ಇರುವ ಒಂದು ದೊಡ್ಡ ಅಂತರವನ್ನು ಇಲ್ಲಿಯೇ ಹೇಳುವುದು ಲೇಸು. ಉಗಿಯಂತ್ರವು ನಿಂತಲ್ಲಿಂದಲೇ ತಳ್ಳಬಲ್ಲದು. ಬಾಯ್ಲರಿನಲ್ಲಿ ಉಗಿಯ ಒತ್ತಡ ಸಿದ್ಧವಾಗಿರುತ್ತದೆ. ಕವಾಟ ತೆರೆದ ಕ್ಷಣದಲ್ಲಿಯೇ ಕೊಂತವು ಪೂರ್ಣಬಲದಿಂದ ಚಲಿಸುತ್ತದೆ. ಆದುದರಿಂದ ರೈಲಿನ ಉಗಿಯಂತ್ರಕ್ಕೆ ಗಿಯರು ಬೇಕಾಗಲಿಲ್ಲ. ಆದರೆ ಒಳಗೇ ಇಂಧನವನ್ನು ಸ್ಫೋಟಿಸಿಕೊಳ್ಳುವ ಎಂಜಿನ್ನಿನ ಸ್ವಭಾವ ಬೇರೆ. ಅದು ನಿಂತಿರುವಾಗ ಅದರಲ್ಲಿ ಎಳ್ಳಷ್ಟೂ ಬಲವಿಲ್ಲ. ಮೊದಲು ತಾನು ತಿರುಗುತ್ತಿರಬೇಕು. ತಕ್ಕಷ್ಟು ಬೇಗನೆ ತಿರುಗುತ್ತಿದ್ದರೆ ಮಾತ್ರ ಅದು ಕೆಲಸಕ್ಕೆ ಬಂದೀತು. ಭಾರ ಹೆಚ್ಚಾಗಿ ತಿರುಗಾಟ ಕುಗ್ಗಿತೆಂದರೆ ಅದರ ಶಕ್ತಿಯೂ ಕುಗ್ಗಿ, ಕೊನೆಗೆ ಉಸಿರು ಕಟ್ಟಿ ನಿಂತುಬಿಡುತ್ತದೆ. ಇಂತಹ ಯಂತ್ರವನ್ನು ನಿಂತ ಗಾಡಿಗೆ ಹೂಡುವುದು ಹೇಗೆಂಬುದೇ ಬೆಂಜನು ಬಿಡಿಸಬೇಕಾಗಿದ್ದ ಒಗಟು.

ಓದು ಮುಗಿದ ಮೇಲೆ ಆತನು ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದನು. ಕಾರ್ಲ್ಸ್‌ರೂಹೆಯ ಯಂತ್ರ ಕಾರ್ಖಾನೆ, ಮನ್‌ಹೈಮಿನ ತಕ್ಕಡಿಗಳ ಕಾರ್ಖಾನೆ, ಫೋರ್ಟ್ಸ್‌ಹೈಮಿನ ಸೇತುವೆ ಕಟ್ಟುವ ಸಂಸ್ಥೆ, ಹೀಗೆ ಹಲವು ಕಡೆ ಅನುಭವ ಪಡೆದು, 1871ರಲ್ಲಿ ಮನ್‌ಹೈಮಿನಲ್ಲಿ ಆಗಸ್ಟ್ ರಿಟರ್ ಎಂಬವನ ಪಾಲುದಾರಿಕೆಯಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ಪಾಲುದಾರನು ನಂಬತಕ್ಕವನಾಗಿರಲಿಲ್ಲ. ಕೆಲಸ ಇನ್ನೇನು ಮುಳುಗಬೇಕೆನ್ನುವಷ್ಟರಲ್ಲಿ ಕೈಹಿಡಿದು ಮೇಲೆತ್ತಿದವಳು ಫೋರ್ಟ್ಸ್‌ಹೈಮಿನ ಬರ್ತಾ ರಿಂಗರ್ ಎಂಬ ತರುಣಿ. ಆಕೆಯೊಡನೆ ಬೆಂಜನಿಗೆ ವಿವಾಹ ನಿಶ್ಚಯವಾಗಿತ್ತು. ಮದುವೆಗೆ ಮೊದಲೇ ಆಕೆ ತನ್ನ ವರದಕ್ಷಿಣೆಯ ಹಣವನ್ನು ತರಿಸಿ, ಅದರಿಂದ ರಿಟರನ ಪಾಲನ್ನು ಕೊಂಡು, ಕಾರ್ಯಾಗಾರವನ್ನು ಬೆಂಜನ ಕೈಗೆ ಒಪ್ಪಿಸಿದಳು. 1872ರ ಜುಲೈ 20ರಂದು ಅವರ ವಿವಾಹವಾಯಿತು. ತನ್ನ ಕನಸುಗಾರ ಗಂಡನ ಬುದ್ಧಿಯಲ್ಲಿ ಬರ್ತಾಳಿಗಿದ್ದ ನಂಬಿಕೆ ಆ ಹಣಕ್ಕಿಂತಲೂ ದೊಡ್ಡ ಬಂಡವಾಳವಾಯಿತೆಂದರೆ ಅತಿಶಯೋಕ್ತಿಯಲ್ಲ.

ಮುಂದಿನ ವರ್ಷಗಳು ಸುಖದವಾಗಿರಲಿಲ್ಲ. ಒಂದರ ಹಿಂದೊಂದು ಮಕ್ಕಳು, ವ್ಯಾಪಾರದ ಕುಸಿತ, ಸಾಲ. ನಿಕೋಲಸ್ ಆಟೋ ಎಂಬ ಯಂತ್ರಜ್ಞನು ನಾಲ್ಕು ಹೊಡೆತದ ಎಂಜಿನ್ನಿಗೆ 1877ರಲ್ಲಿ ಪೇಟೆಂಟ್ ಪಡೆದುಬಿಟ್ಟಿದ್ದನು. ಆದ್ದರಿಂದ ಬೆಂಜನು ಎರಡು ಹೊಡೆತದ ಎಂಜಿನ್ನಿನ ಬೆನ್ನು ಹತ್ತಬೇಕಾಯಿತು. 1879ರ ಕೊನೆಯ ದಿನ, ಊರೆಲ್ಲ ಹೊಸ ವರ್ಷವನ್ನು ಎದುರುಗೊಳ್ಳುತ್ತಿದ್ದ ರಾತ್ರಿ, ಗಂಡಹೆಂಡಿರು ಕಾರ್ಯಾಗಾರಕ್ಕೆ ಹೋಗಿ ಮತ್ತೊಮ್ಮೆ ಪ್ರಯತ್ನಿಸಿದರು. ಅಂದು ಎಂಜಿನ್ ನಿಲ್ಲದೆ ಓಡಿತು. ಬಡತನದ ಕತ್ತಲೆಯಲ್ಲಿ ಮೂಡಿದ ಮೊದಲ ಬೆಳಕು ಅದು. 1883ರಲ್ಲಿ ಮ್ಯಾಕ್ಸ್ ರೋಸ್ ಮತ್ತು ಫ್ರೀಡ್ರಿಖ್ ಎಸ್ಲಿಂಗರ್ ಎಂಬ ಬೈಸಿಕಲ್ ವ್ಯಾಪಾರಿಗಳು ಜೊತೆಗೂಡಿ ‘ಬೆಂಜ್ ಮತ್ತು ಕಂಪೆನಿ’ ಸ್ಥಾಪಿತವಾಯಿತು. ನಿಂತಲ್ಲಿಯೇ ದುಡಿಯುವ ಎಂಜಿನ್ನುಗಳನ್ನು ಮಾರಿ ಬಂದ ಹಣದಿಂದ ಬೆಂಜನು ತನ್ನ ಬಹುಕಾಲದ ಕನಸಾದ ಓಡುವ ಗಾಡಿಗೆ ಕೈಹಾಕಿದನು.

1886ರ ಜನವರಿ 29ರಂದು ಆತನು ಅದಕ್ಕೆ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದನು. 37435 ಎಂಬ ಸಂಖ್ಯೆಯ ಆ ಪೇಟೆಂಟನ್ನೇ ಲೋಕವು ಮೋಟಾರು ಕಾರಿನ ಜನನಪತ್ರವೆಂದು ಗೌರವಿಸುತ್ತದೆ. 2011ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ವಿಶ್ವದ ಸ್ಮರಣಾರ್ಹ ದಾಖಲೆಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ, ಎಂದರೆ 1886ರ ಜುಲೈ 3ರಂದು, ಮನ್‌ಹೈಮಿನ ಬೀದಿಯಲ್ಲಿ ಗಾಡಿ ಜನರೆದುರಿಗೆ ಓಡಿತು. ಅದಕ್ಕೆ ಮೂರೇ ಚಕ್ರ. ಉಕ್ಕಿನ ಕೊಳವೆಗಳ ಚೌಕಟ್ಟು. ಬೈಸಿಕಲ್ಲಿನಂತೆ ತಂತಿಯ ಕಡ್ಡಿಗಳ ಚಕ್ರಗಳು. ಹಿಂಭಾಗದಲ್ಲಿ ಒಂದೇ ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನು. ಅದಕ್ಕೆ ಅಡ್ಡಲಾಗಿ ಮಲಗಿಸಿದ ದೊಡ್ಡ ಗತಿಪಾಲಕ ಚಕ್ರ. ಗಾಡಿಯ ತೂಕ 265 ಕಿಲೋಗ್ರಾಂ. ಎಂಜಿನ್ನಿನ ಶಕ್ತಿ ಮುಕ್ಕಾಲು ಅಶ್ವಶಕ್ತಿ ಮಾತ್ರ, ಅದೂ ನಿಮಿಷಕ್ಕೆ 400 ಸುತ್ತು ತಿರುಗುವಾಗ. ಗಾಡಿಯ ಪರಮಾವಧಿ ವೇಗ ಗಂಟೆಗೆ 16 ಕಿಲೋಮೀಟರು.

ತಿರುಗುತ್ತಿರುವ ಎಂಜಿನ್ನನ್ನು ನಿಂತ ಗಾಡಿಗೆ ಹೂಡುವ ಒಗಟನ್ನು ಅವನು ಬಿಡಿಸಿದ ಬಗೆ ಸರಳವಾಗಿದೆ. ಎಂಜಿನ್ನಿನಿಂದ ಒಂದು ಚರ್ಮದ ಪಟ್ಟಿ ಇನ್ನೊಂದು ದಂಡದ ಮೇಲಿದ್ದ ರಾಟೆಗೆ ಹೋಗುತ್ತಿತ್ತು. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ರಾಟೆಗಳು: ಒಂದು ಸುಮ್ಮನೆ ತಿರುಗುವ ಸಡಿಲ ರಾಟೆ, ಇನ್ನೊಂದು ದಂಡಕ್ಕೆ ಬಿಗಿದ ರಾಟೆ. ಗಾಡಿ ನಿಂತಿರುವಾಗ ಪಟ್ಟಿ ಸಡಿಲ ರಾಟೆಯ ಮೇಲೆ ಓಡುತ್ತಿತ್ತು. ಹಿಡಿಯೊಂದನ್ನು ದೂಡಿ ಪಟ್ಟಿಯನ್ನು ಬಿಗಿ ರಾಟೆಗೆ ಸರಿಸಿದರೆ, ಅದು ಮೊದಲು ಸ್ವಲ್ಪ ಜಾರುತ್ತ, ಬಳಿಕ ಹಿಡಿತಕ್ಕೆ ಬಂದು ಗಾಡಿಯನ್ನು ಎಳೆಯುತ್ತಿತ್ತು. ದಂಡದಿಂದ ಹಿಂದಿನ ಎರಡು ಚಕ್ರಗಳಿಗೆ ಸರಪಣಿಗಳು. ಆದರೆ ಅದರಲ್ಲಿ ವೇಗದ ಮೆಟ್ಟಿಲು ಒಂದೇ. ಎಂಜಿನ್ನಿಗೂ ಚಕ್ರಕ್ಕೂ ನಡುವಣ ಸುತ್ತುಗಳ ಪ್ರಮಾಣ ಬದಲಾಗುವಂತಿರಲಿಲ್ಲ. ಮನ್‌ಹೈಮ್ ಸಮತಟ್ಟಾದ ಊರು. ಅಲ್ಲಿ ಅದು ಸಾಕಾಗಿತ್ತು.

ಆದರೆ ಗಾಡಿಯನ್ನು ಕೊಳ್ಳುವವರಿರಲಿಲ್ಲ. ಬೆಂಜನು ಸಂಕೋಚದ ಮನುಷ್ಯ. ಇನ್ನೂ ತಿದ್ದಬೇಕು, ಇನ್ನೂ ತೀಡಬೇಕು ಎಂದು ಕಾರ್ಯಾಗಾರದಲ್ಲಿಯೇ ಉಳಿಯುವ ಸ್ವಭಾವದವನು. 1888ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಗಂಡನು ಏಳುವುದಕ್ಕೆ ಮೊದಲೇ, ಅವನಿಗೆ ತಿಳಿಸದೆ, ಬರ್ತಾ ತನ್ನ ಇಬ್ಬರು ಗಂಡುಮಕ್ಕಳಾದ ಹದಿನೈದರ ಒಯ್ಗೆನ್ ಮತ್ತು ಹದಿಮೂರರ ರಿಚರ್ಡರನ್ನು ಜೊತೆಮಾಡಿಕೊಂಡು ಗಾಡಿಯಲ್ಲಿ ಹೊರಟೇಬಿಟ್ಟಳು. ಗುರಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ತವರೂರು ಫೋರ್ಟ್ಸ್‌ಹೈಮ್. ಅದುವರೆಗೆ ಅಷ್ಟು ದೂರ ಯಾರೂ ಮೋಟಾರು ಗಾಡಿಯಲ್ಲಿ ಹೋದುದಿಲ್ಲ. ದಾರಿಯಲ್ಲಿ ವೀಸ್‌ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಆಕೆ ಇಂಧನವನ್ನು ಕೊಂಡಳು. ಇಂದು ಆ ಅಂಗಡಿ ಪ್ರಪಂಚದ ಮೊದಲ ಪೆಟ್ರೋಲ್ ಬಂಕೆಂದು ಹೆಸರಾಗಿದೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಬ್ರುಕ್ಸಾಲಿನ ಕಮ್ಮಾರನು ಸರಪಣಿಯನ್ನು ಸರಿಪಡಿಸಿದನು. ಮರದ ಬ್ರೇಕು ಸವೆದಾಗ ಬೌಷ್‌ಲೋಟ್ ಎಂಬಲ್ಲಿನ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಇವೆಲ್ಲವನ್ನೂ ಜಾಣ್ಮೆಯಿಂದ ದಾಟಿದ ಆ ಧೀರೆಗೂ ದಾಟಲಾಗದ ಒಂದು ತೊಡಕು ಎದುರಾಯಿತು. ಅದು ಏರುದಾರಿ. ಏರು ಬಂದಾಗಲೆಲ್ಲ ಎಂಜಿನ್ ಸೋತು ಏದುಸಿರುಬಿಡುತ್ತಿತ್ತು. ಮಕ್ಕಳು ಇಳಿದು ಬೆವರು ಸುರಿಸುತ್ತ ಗಾಡಿಯನ್ನು ಹಿಂದಿನಿಂದ ತಳ್ಳಬೇಕಾಗುತ್ತಿತ್ತು. ಕತ್ತಲಾಗುವ ಹೊತ್ತಿಗೆ ಅವರು ಊರು ಮುಟ್ಟಿ, ಬೆಂಜನಿಗೆ ತಂತಿ ಕಳುಹಿಸಿದರು.

ಏರಿನಲ್ಲಿ ಗಾಡಿ ಸೋತದ್ದೇಕೆ? ಇಲ್ಲಿ ವಾಚಕರು ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕೆಂದು ಬೇಡುತ್ತೇನೆ. ಒಂದು ಅಶ್ವಶಕ್ತಿಯೆಂದರೆ 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಸಾಮರ್ಥ್ಯ. ಇದೇ ಜರ್ಮನಿಯಲ್ಲಿ ರೂಢಿಯಲ್ಲಿದ್ದ ಅಳತೆ. ಹಾಗಾದರೆ ಬೆಂಜನ ಮೊದಲ ಗಾಡಿಯ ಮುಕ್ಕಾಲು ಅಶ್ವಶಕ್ತಿ ಸೆಕೆಂಡಿಗೆ ಸುಮಾರು 56 ಕಿಲೋವನ್ನು ಒಂದು ಮೀಟರು ಎತ್ತಬಲ್ಲದು. ಗಾಡಿ ಗಂಟೆಗೆ 16 ಕಿಲೋಮೀಟರಿನಂತೆ, ಎಂದರೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರಿನಂತೆ ಓಡುತ್ತಿರುವಾಗ, ಅದೇ ಶಕ್ತಿ ನಾಲ್ಕೂವರೆ ಮೀಟರಿಗೆ ಹಂಚಿಹೋಗುತ್ತದೆ. ಆಗ ಗಾಡಿಯನ್ನು ಮುಂದಕ್ಕೆ ನೂಕಲು ಉಳಿಯುವ ಬಲ ಹನ್ನೆರಡೂವರೆ ಕಿಲೋ ತೂಕದಷ್ಟು ಮಾತ್ರ. ಇಬ್ಬರು ಕುಳಿತ ಗಾಡಿಯ ಒಟ್ಟು ತೂಕವನ್ನು 400 ಕಿಲೋ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಮೀಟರಿಗೆ ಒಂದು ಮೀಟರು ಏರುವ ಸಾಧಾರಣ ಏರಿನಲ್ಲಿಯೇ ಆ ತೂಕ 20 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಹನ್ನೆರಡೂವರೆ ಇಪ್ಪತ್ತನ್ನು ಗೆಲ್ಲುವುದುಂಟೇ? ಬರ್ತಾಳು ಕೊಂಡುಹೋದ ಗಾಡಿಯ ಎಂಜಿನ್ನಿನಲ್ಲಿ ಮೊದಲಿನದಕ್ಕಿಂತ ಹೆಚ್ಚು ಶಕ್ತಿಯಿತ್ತು. ಆದರೆ ಗಾಡಿಯೂ ಹೆಚ್ಚು ಭಾರವಾಗಿತ್ತು, ಕುಳಿತವರೂ ಮೂವರು.

ಇದಕ್ಕೆ ಪರಿಹಾರ ಎರಡು. ಒಂದು, ಎಂಜಿನ್ನಿನ ಶಕ್ತಿಯನ್ನೇ ಹೆಚ್ಚಿಸುವುದು. ಇನ್ನೊಂದು, ಇದ್ದ ಶಕ್ತಿಯನ್ನೇ ಬೇರೆ ರೀತಿಯಲ್ಲಿ ವ್ಯಯಮಾಡುವುದು. ಎಂಜಿನ್ನು ಮೊದಲಿನಷ್ಟೇ ಬೇಗ ತಿರುಗುತ್ತಿರಲಿ, ಆದರೆ ಚಕ್ರವು ಮೊದಲಿನ ಅರ್ಧದಷ್ಟು ಬೇಗ ಮಾತ್ರ ತಿರುಗುವಂತೆ ನಡುವಣ ರಾಟೆಗಳ ಪ್ರಮಾಣವನ್ನು ಬದಲಿಸಿದರೆ, ಗಾಡಿಯ ವೇಗ ಗಂಟೆಗೆ 8 ಕಿಲೋಮೀಟರಿಗೆ ಇಳಿಯುತ್ತದೆ. ನೂಕುವ ಬಲ 25 ಕಿಲೋಗೆ ಏರುತ್ತದೆ. ಈಗ 25 ಇಪ್ಪತ್ತನ್ನು ಗೆಲ್ಲುತ್ತದೆ. ಗಾಡಿ ಏರನ್ನು ಹತ್ತುತ್ತದೆ. ಕೆಳ ಗಿಯರಿನ ರಹಸ್ಯ ಇಷ್ಟೇ. ಗಿಯರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವಿನಿಮಯ ಅದು. ಹಲ್ಲುಗಳ ಹಾಗೂ ಪಟ್ಟಿಯ ಘರ್ಷಣೆಯಲ್ಲಿ ಸ್ವಲ್ಪ ನಷ್ಟವೂ ಉಂಟು. ಹಣ ಚಿಲ್ಲರೆ ಮಾಡಿಸುವಾಗ ಕೊಡುವ ವಟ್ಟದಂತೆ ಆ ನಷ್ಟ.

ಏರು ಹತ್ತುವುದಕ್ಕೆ ಸಲ್ಲುವ ಈ ನ್ಯಾಯವೇ ಸಮದಾರಿಯಲ್ಲಿ ವೇಗವನ್ನು ಗಳಿಸುವುದಕ್ಕೂ ಸಲ್ಲುತ್ತದೆ. ಶಾಸ್ತ್ರಜ್ಞರು ವೇಗೋತ್ಕರ್ಷವೆಂದು ಕರೆಯುವುದು ಅದನ್ನೇ. ನೂಕುವ ಬಲ ಎಷ್ಟೋ, ಗಾಡಿಯ ವೇಗ ಅಷ್ಟು ಬೇಗ ಹೆಚ್ಚುತ್ತದೆ. ಮೇಲಿನ 400 ಕಿಲೋ ಗಾಡಿಯನ್ನೇ ತೆಗೆದುಕೊಳ್ಳೋಣ. ಘರ್ಷಣೆಯನ್ನು ಬಿಟ್ಟು, ಒಂದೊಂದು ಗಿಯರಿನಲ್ಲಿಯೂ ಬಲವು ಒಂದೇ ಸಮನಾಗಿರುತ್ತದೆಂದು ಭಾವಿಸಿ ಲೆಕ್ಕ ಹಾಕಿದರೆ, ಒಂದೇ ಗಿಯರಿನಲ್ಲಿ ನಿಂತಲ್ಲಿಂದ 16 ಕಿಲೋಮೀಟರ್ ವೇಗ ಮುಟ್ಟಲು 14 ಸೆಕೆಂಡುಗಳಿಗೂ ಹೆಚ್ಚು ಕಾಲ ಬೇಕು. ಅರ್ಧವೇಗದ ಕೆಳ ಗಿಯರಿನಲ್ಲಿ ಹೊರಟು, 8 ಕಿಲೋಮೀಟರಿನ ವೇಗ ಬಂದಾಗ ಮೇಲ್ ಗಿಯರಿಗೆ ಸರಿದರೆ, ಸುಮಾರು 11 ಸೆಕೆಂಡು ಸಾಕು. ಎಂಜಿನ್ನಿನ ಶಕ್ತಿ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಆದರೂ ಮೂರು ಸೆಕೆಂಡಿಗಿಂತ ಹೆಚ್ಚು ಉಳಿಯಿತು! ಗಿಯರನ್ನು ಬದಲಿಸದೆ ಶಕ್ತಿಯನ್ನೇ ಎರಡರಷ್ಟು ಮಾಡಿದ್ದರೆ ಸುಮಾರು 7 ಸೆಕೆಂಡಿನಲ್ಲಿ ಆ ವೇಗ ಬರುತ್ತಿತ್ತು. ಶಕ್ತಿ ಮತ್ತು ಗಿಯರು ಇವೆರಡೂ ಬೇರೆ ಬೇರೆ ಬಗೆಯಲ್ಲಿ ಒಂದೇ ಫಲವನ್ನು ಕೊಡುತ್ತವೆ. ಆದರೆ ಕೆಳ ಗಿಯರಿನ ಲಾಭಕ್ಕೆ ಮಿತಿಯುಂಟು. ಎಂಜಿನ್ನು ತನ್ನ ಪರಮಾವಧಿ ಸುತ್ತುಗಳನ್ನು ಮುಟ್ಟಿದ ಮೇಲೆ ಆ ಗಿಯರಿನಲ್ಲಿ ವೇಗ ಹೆಚ್ಚಲಾರದು. ಮೇಲಿನ ಗಿಯರಿಗೆ ಹೋಗಲೇಬೇಕು, ಹೋದೊಡನೆ ಬಲ ತಗ್ಗಲೇಬೇಕು. ಗಾಡಿಯ ಓಟ ಹೆಚ್ಚಿದಂತೆಲ್ಲ ಗಿಯರಿನ ಜಾಣತನ ಮುಗಿಯುತ್ತ ಬರುತ್ತದೆ. ಕೊನೆಗೆ ಉಳಿಯುವುದು ಎಂಜಿನ್ನಿನ ಶಕ್ತಿಯೊಂದೇ.

ಬರ್ತಾಳಿಗೆ ಈ ಗಣಿತ ತಿಳಿದಿತ್ತೋ ಇಲ್ಲವೋ, ಅದರ ತಾತ್ಪರ್ಯವಂತೂ ಮಕ್ಕಳ ಬೆವರಿನಲ್ಲಿ ಕಂಡಿತ್ತು. ಏರು ಹತ್ತುವುದಕ್ಕೆಂದೇ ಇನ್ನೊಂದು ಕೆಳ ಗಿಯರು ಬೇಕೆಂದು ಆಕೆ ಗಂಡನಿಗೆ ತಿಳಿಸಿದಳು. ಬೆಂಜನು ಹೆಂಡತಿಯ ಮಾತನ್ನು ಹಗುರವಾಗಿ ಎಣಿಸಲಿಲ್ಲ. ಗಾಡಿಗೆ ಕೆಳ ಗಿಯರನ್ನು ಸೇರಿಸಿದನು. ಅದೇ 1888ರಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ಅವನ ಗಾಡಿಗೆ ಚಿನ್ನದ ಪದಕ ದೊರೆಯಿತು. ಪ್ಯಾರಿಸ್ಸಿನ ಎಮಿಲ್ ರೋಜೆ ಎಂಬ ವ್ಯಾಪಾರಿ ಫ್ರಾನ್ಸಿನಲ್ಲಿ ಅವನ ಗಾಡಿಗಳನ್ನು ಮಾರತೊಡಗಿದನು. 1893ರಲ್ಲಿ ಮುಂದಿನ ಎರಡು ಚಕ್ರಗಳೂ ಸರಿಯಾಗಿ ತಿರುಗುವ ಹೊಸ ಚುಕ್ಕಾಣಿಗೆ ಪೇಟೆಂಟ್ ಪಡೆದು, ನಾಲ್ಕು ಚಕ್ರಗಳ ‘ವಿಕ್ಟೋರಿಯಾ’ ಗಾಡಿಯನ್ನು ಹೊರತಂದನು. 1894ರಲ್ಲಿ ಬಂದ ‘ವೆಲೋ’ ಎಂಬ ಹಗುರವಾದ ಗಾಡಿ ಅವನ ಭಾಗ್ಯದ ಬಾಗಿಲನ್ನೇ ತೆರೆಯಿತು. ಒಂದೂವರೆ ಅಶ್ವಶಕ್ತಿಯ, ಗಂಟೆಗೆ 20 ಕಿಲೋಮೀಟರ್ ಓಡುವ ಆ ಗಾಡಿ 1902ರವರೆಗೆ ಸುಮಾರು 1,200ರಷ್ಟು ತಯಾರಾಯಿತು. 1899ರಲ್ಲಿ 572 ಗಾಡಿಗಳನ್ನು ಮಾಡಿದ ಬೆಂಜ್ ಕಂಪೆನಿ ಜಗತ್ತಿನಲ್ಲಿಯೇ ಅತಿ ದೊಡ್ಡ ಮೋಟಾರು ಕಾರ್ಖಾನೆಯಾಯಿತು. ಸಾಲಗಾರರಿಗೆ ಅಂಜುತ್ತಿದ್ದ ಮನೆಗೆ ಲಕ್ಷ್ಮಿ ಕಾಲಿಟ್ಟಳು.

ಆದರೆ ಭಾಗ್ಯವು ಮನುಷ್ಯನನ್ನು ಕೆಲವು ವೇಳೆ ಮೈಮರೆಸುತ್ತದೆ. ಬೆಂಜನ ಗಾಡಿಗಳಲ್ಲಿ ಇನ್ನೂ ಚರ್ಮದ ಪಟ್ಟಿಗಳೇ ಇದ್ದವು. ಎಂಜಿನ್ನು ಸಣ್ಣದಿರುವವರೆಗೆ ಪಟ್ಟಿ ಒಳ್ಳೆಯ ಸೇವಕ; ಸದ್ದಿಲ್ಲ, ಕುಲುಕಾಟವಿಲ್ಲ, ಅಗ್ಗ. ಎಂಜಿನ್ನಿನ ಶಕ್ತಿ ಬೆಳೆದಂತೆ ಪಟ್ಟಿ ಜಾರುತ್ತದೆ, ಮಳೆಯಲ್ಲಿ ನೆನೆದರೆ ಹಿಗ್ಗುತ್ತದೆ. ಅತ್ತ ಫ್ರಾನ್ಸಿನಲ್ಲಿ ಎಮಿಲ್ ಲೆವಾಸೋರ್ ಎಂಬ ಯಂತ್ರಶಿಲ್ಪಿ 1891ರಲ್ಲಿಯೇ ಎಂಜಿನ್ನನ್ನು ಗಾಡಿಯ ಮುಂಭಾಗಕ್ಕೆ ತಂದು, ಅದರ ಹಿಂದೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರಗಳನ್ನು ಜಾರಿಸಿ ಕೂಡಿಸುವ ಗಿಯರ್ ಪೆಟ್ಟಿಗೆಯನ್ನು ಇಟ್ಟಿದ್ದನು. ಗಿಯರು ಬದಲಿಸುವಾಗ ಅದು ಕಿವಿ ಕಿವುಡಾಗುವಂತೆ ಕಿರುಚುತ್ತಿತ್ತು, ಆದರೆ ಜಾರುತ್ತಿರಲಿಲ್ಲ. 1895ರಲ್ಲಿ ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಪಂದ್ಯವನ್ನು ಲೆವಾಸೋರನು 48 ಗಂಟೆ 48 ನಿಮಿಷಗಳಲ್ಲಿ ಓಡಿ, ಮೊದಲಿಗನಾಗಿ ಮುಗಿಸಿದನು. 1898ರ ಡಿಸೆಂಬರ್ 24ರಂದು ಲೂಯಿ ರೆನೋ ಎಂಬ ತರುಣನು, ಮೇಲ್ ಗಿಯರಿನಲ್ಲಿ ಎಂಜಿನ್ನಿನ ತಿರುಗಾಟ ನೇರವಾಗಿ ಹಿಂಚಕ್ರಗಳ ಕಡೆಗೆ ಹೋಗುವಂತೆ ಮಾಡಿದ ತನ್ನ ಪುಟ್ಟ ಗಾಡಿಯಲ್ಲಿ ಪ್ಯಾರಿಸ್ಸಿನ ಮೊಂಮಾರ್ಟ್ರ್ ಗುಡ್ಡದ ಕಡಿದಾದ ಬೀದಿಯನ್ನು ಹತ್ತಿ ತೋರಿಸಿದನು.

ಇವೆಲ್ಲ ದೂರದ ಗುಡುಗು. ಸಿಡಿಲು ಬಡಿದುದು 1901ರಲ್ಲಿ. ಬೆಂಜನ ಪ್ರತಿಸ್ಪರ್ಧಿಯಾದ ಡೈಮ್ಲರ್ ಕಂಪೆನಿಯಲ್ಲಿ ವಿಲ್ಹೆಲ್ಮ್ ಮೇಬಾಖನು ರಚಿಸಿದ ‘ಮರ್ಸಿಡಿಸ್’ ಎಂಬ ಕಾರು ಆ ವರ್ಷ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಎಲ್ಲರನ್ನೂ ಹಿಂದಿಕ್ಕಿತು. ಅದಕ್ಕೆ 35 ಅಶ್ವಶಕ್ತಿ. ನಾಲ್ಕು ಗಿಯರುಗಳ ಪೆಟ್ಟಿಗೆ. ಒಂದೇ ಹಿಡಿಯನ್ನು ಗಾಡಿಗಳಲ್ಲಿ ಸರಿಸಿ ಗಿಯರು ಬದಲಿಸುವ ವ್ಯವಸ್ಥೆ. ಶಕ್ತಿ ಮತ್ತು ಗಿಯರು ಎರಡೂ ಅಲ್ಲಿ ಕೈಕೈ ಹಿಡಿದು ಬಂದಿದ್ದವು. ಕೊಳ್ಳುವವರು ಅತ್ತ ತಿರುಗಿದರು. ಬೆಂಜ್ ಕಂಪೆನಿ 1900ರಲ್ಲಿ 603 ಗಾಡಿಗಳನ್ನು ಮಾರಿತ್ತು; 1901ರಲ್ಲಿ ಅದು 385ಕ್ಕೂ 1902ರಲ್ಲಿ 226ಕ್ಕೂ ಇಳಿಯಿತು.

ಬೆಂಜನಿಗೆ ವೇಗದ ಪೈಪೋಟಿ ಹಿಡಿಸುತ್ತಿರಲಿಲ್ಲ. ಗಾಡಿ ನಂಬಿಗಸ್ತವಾಗಿರಬೇಕು, ದೃಢವಾಗಿರಬೇಕು, ಮನುಷ್ಯನನ್ನು ಸುಖವಾಗಿ ಊರು ಮುಟ್ಟಿಸಬೇಕು ಎಂಬುದೇ ಅವನ ಆದರ್ಶವಾಗಿತ್ತು. ಆದರ್ಶವೇನೋ ಶ್ಲಾಘ್ಯವಾದುದೇ. ಆದರೆ ಅಧಿಕ ಶಕ್ತಿಯೆಂದರೆ ಬರೀ ಪಂದ್ಯದ ಮೋಜಲ್ಲ. ಭಾರ ಹೊತ್ತು ಏರು ಹತ್ತುವ, ಅಪಾಯದಲ್ಲಿ ಚುರುಕಾಗಿ ಮುಂದೆ ಸರಿಯುವ ಸಾಮರ್ಥ್ಯವೂ ಅದೇ ಎಂಬುದನ್ನು ಅವನು ಆಗ ಒಪ್ಪಿಕೊಳ್ಳಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಏರುದಾರಿಯ ಪಾಠವನ್ನು ಹೆಂಡತಿಯಿಂದ ಕೇಳಿ ಕೂಡಲೇ ಗಾಡಿಯನ್ನು ತಿದ್ದಿದ ಅದೇ ಮನುಷ್ಯನು, ಈಗ ಕಾಲವು ಅದೇ ಪಾಠವನ್ನು ಗಟ್ಟಿಯಾಗಿ ಹೇಳುತ್ತಿದ್ದಾಗ ಕಿವಿಗೊಡದೆ ಹೋದನು. ಕಂಪೆನಿಯ ಇತರರು ಕಾಯಲಿಲ್ಲ. ಮಾರಿಯುಸ್ ಬಾರ್ಬರು ಎಂಬ ಫ್ರೆಂಚ್ ಯಂತ್ರಜ್ಞನನ್ನು ಕರೆಸಿ ಹೊಸ ಬಗೆಯ ಕಾರುಗಳನ್ನು ರಚಿಸಲು ಹೇಳಿದರು. ಇದರಿಂದ ನೊಂದ ಬೆಂಜನು 1903ರ ಜನವರಿಯಲ್ಲಿ, ತಾನೇ ಕಟ್ಟಿದ ಕಾರ್ಖಾನೆಯ ದಿನನಿತ್ಯದ ಕೆಲಸವನ್ನು ಬಿಟ್ಟು ಹೊರಗೆ ಬಂದನು. ಆಗ ಅವನಿಗೆ ಐವತ್ತೆಂಟು ವರ್ಷ.

ಮುಂದೆ ಆತನು ಕಂಪೆನಿಯ ಮೇಲ್ವಿಚಾರಣಾ ಮಂಡಲಿಯಲ್ಲಿ ಸದಸ್ಯನಾಗಿ ಉಳಿದನು. ಸಮೀಪದ ಲಾಡೆನ್‌ಬುರ್ಗಿನಲ್ಲಿ ನೆಲೆಸಿ, 1906ರಲ್ಲಿ ಸಣ್ಣ ಕಾರ್ಖಾನೆಯೊಂದನ್ನು ತೆರೆದನು. ಏರುದಾರಿಯಲ್ಲಿ ಗಾಡಿ ತಳ್ಳಿದ್ದ ಒಯ್ಗೆನ್ ಮತ್ತು ರಿಚರ್ಡರೇ ಅಲ್ಲಿ ಅವನ ಬಲಗೈ ಎಡಗೈಗಳು. 1912ರಲ್ಲಿ ಅದನ್ನೂ ಅವರಿಗೇ ವಹಿಸಿಕೊಟ್ಟನು.

ಈ ನಡುವೆ ವಿಧಿಯ ವಿನೋದವೊಂದು ನಡೆಯಿತು. ವೇಗವನ್ನು ಮೆಚ್ಚದವನ ಹೆಸರನ್ನು ಹೊತ್ತ ಕಾರೊಂದು ಜಗತ್ತಿನಲ್ಲಿಯೇ ಅತಿವೇಗದ ಕಾರೆನಿಸಿತು. 1909ರಲ್ಲಿ ಮನ್‌ಹೈಮಿನ ಕಾರ್ಖಾನೆ ರಚಿಸಿದ ಆ ಕಾರಿಗೆ ‘ಬ್ಲಿಟ್ಸನ್ ಬೆಂಜ್’, ಎಂದರೆ ಮಿಂಚಿನ ಬೆಂಜ್, ಎಂದು ಹೆಸರು. 200 ಅಶ್ವಶಕ್ತಿಯ ಆ ಕಾರು 1911ರಲ್ಲಿ ಅಮೆರಿಕದ ಡೇಟೋನಾ ಕಡಲತೀರದಲ್ಲಿ ಗಂಟೆಗೆ 228 ಕಿಲೋಮೀಟರ್ ವೇಗ ಮುಟ್ಟಿತು. ನಮ್ಮ ಹಳೆಯ ಲೆಕ್ಕವನ್ನೇ ಇಲ್ಲಿಗೂ ಹಚ್ಚಿನೋಡೋಣ. 200 ಅಶ್ವಶಕ್ತಿಯನ್ನು ಸೆಕೆಂಡಿಗೆ 63 ಮೀಟರಿನ ಓಟಕ್ಕೆ ಹಂಚಿದರೆ ಉಳಿಯುವ ಬಲ 240 ಕಿಲೋ ತೂಕಕ್ಕಿಂತ ಕಡಿಮೆ. ಅಷ್ಟು ದೈತ್ಯಶಕ್ತಿಯೂ ಆ ವೇಗದಲ್ಲಿ ಇಷ್ಟೇ ಬಲವಾಗಿ ಕುಗ್ಗುತ್ತದೆ. ಅದರಲ್ಲಿ ಬಹುಪಾಲನ್ನು ಎದುರುಗಾಳಿಯೇ ನುಂಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವೇಗವನ್ನು ಇಮ್ಮಡಿಗೊಳಿಸಲು ಶಕ್ತಿಯನ್ನು ಎಂಟುಪಟ್ಟು ಮಾಡಬೇಕಾಗುತ್ತದೆ. ಅಲ್ಲಿ ಯಾವ ಗಿಯರಿನ ಚಮತ್ಕಾರವೂ ನಡೆಯದು. ಹೊರಡುವಾಗ ಮತ್ತು ಏರುವಾಗ ಗಿಯರು ಗೆಳೆಯ. ಓಟದ ತುದಿಯಲ್ಲಿ ಶಕ್ತಿಯೊಂದೇ ದಿಕ್ಕು.

ಬೆಂಜನ ಮುಪ್ಪು ಗೌರವದಿಂದ ಕೂಡಿತ್ತು. 1914ರಲ್ಲಿ, ತಾನು ಓದಿದ ಕಾರ್ಲ್ಸ್‌ರೂಹೆಯ ವಿದ್ಯಾಲಯವೇ ಅವನಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1925ರಲ್ಲಿ ಮ್ಯೂನಿಕ್ಕಿನಲ್ಲಿ ಹಳೆಯ ಮೋಟಾರುಗಳ ಮೆರವಣಿಗೆ ನಡೆದಾಗ ಎಂಬತ್ತರ ವೃದ್ಧನು ತನ್ನ ಮೂರು ಚಕ್ರದ ಗಾಡಿಯಲ್ಲಿ ಕುಳಿತು ಜನರ ಹರ್ಷೋದ್ಗಾರಗಳ ನಡುವೆ ಸಾಗಿದನು. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪೆನಿಗಳು ಒಂದಾದವು; ಅವನನ್ನು ಸೋಲಿಸಿದ ‘ಮರ್ಸಿಡಿಸ್’ ಎಂಬ ಹೆಸರೂ ಅವನ ಹೆಸರೂ ಒಂದೇ ಕಾರಿನ ಮೇಲೆ ಜೊತೆಯಾಗಿ ನಿಂತವು. 1929ರ ಏಪ್ರಿಲ್ 4ರಂದು ಲಾಡೆನ್‌ಬುರ್ಗಿನ ತನ್ನ ಮನೆಯಲ್ಲಿ ಕಾರ್ಲ್ ಬೆಂಜನು ಕಣ್ಮುಚ್ಚಿದನು. ಬರ್ತಾ ಇನ್ನೂ ಹದಿನೈದು ವರ್ಷ ಬಾಳಿ, ತೊಂಬತ್ತೈದನೆಯ ಹುಟ್ಟುಹಬ್ಬವನ್ನು ಕಂಡ ಎರಡು ದಿನಗಳಲ್ಲಿಯೇ, 1944ರ ಮೇ 5ರಂದು ಗಂಡನನ್ನು ಹಿಂಬಾಲಿಸಿದಳು. ಆಕೆ ಮಕ್ಕಳೊಡನೆ ಹೋದ ದಾರಿಯನ್ನು 2008ರಲ್ಲಿ ಆಕೆಯ ಹೆಸರಿನ ಸ್ಮಾರಕ ಮಾರ್ಗವೆಂದು ಗುರುತಿಸಲಾಯಿತು.

ಇಂದು ವಿದ್ಯುತ್ತಿನಿಂದ ಓಡುವ ಕಾರುಗಳು ಬಂದಿವೆ. ವಿದ್ಯುತ್ ಮೋಟಾರು, ಬೆಂಜನ ತಂದೆಯ ಉಗಿಯಂತ್ರದಂತೆ, ನಿಂತಲ್ಲಿಂದಲೇ ಪೂರ್ಣಬಲದಿಂದ ತಿರುಚಬಲ್ಲದು. ಅದಕ್ಕೇ ಅಂತಹ ಕಾರುಗಳಲ್ಲಿ ಬಹುಪಾಲಿಗೆ ಒಂದೇ ಗಿಯರಿನ ಪ್ರಮಾಣ ಸಾಕಾಗಿದೆ. ಒಂದೇ ಮೆಟ್ಟಿಲಿನಿಂದ ಹೊರಟ ಮೋಟಾರು ಗಾಡಿ ಸುತ್ತಿ ಬಳಸಿ ಮತ್ತೆ ಒಂದೇ ಮೆಟ್ಟಿಲಿಗೆ ಬಂದು ನಿಂತಿದೆ. ಆದರೆ ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ನಿಯಮ ಮಾತ್ರ ಬದಲಾಗಿಲ್ಲ.

ಬೆಂಜನ ಜೀವನದಿಂದ ನಾವು ಕಲಿಯುವುದೇನು? ಶಕ್ತಿ ಅಲ್ಪವಾಗಿದ್ದಾಗ, ವೇಗದ ಆಸೆಯನ್ನು ಬಿಟ್ಟು ಕೆಳ ಗಿಯರಿನಲ್ಲಿ ಸಾವಧಾನವಾಗಿ ಏರನ್ನು ಹತ್ತುವ ವಿವೇಕವನ್ನು ಅವನ ಬಡತನದ ದಿನಗಳು ಕಲಿಸುತ್ತವೆ. ಏರು ಮುಗಿದು ಬಯಲು ಬಂದಾಗ ಗಿಯರು ಬದಲಿಸಬೇಕೆಂಬ ಎಚ್ಚರವನ್ನು ಅವನ ಸೋಲು ಕಲಿಸುತ್ತದೆ. ಅವನ ಸೋಲಿನಿಂದ ಅವನ ಹಿರಿಮೆಗೆ ಕುಂದಿಲ್ಲ. ಪ್ರತಿಭಾವಂತನೂ ಒಂದು ಗಿಯರಿಗೆ ಅಂಟಿಕೊಂಡರೆ ಹಿಂದೆ ಬೀಳುತ್ತಾನೆಂಬುದಕ್ಕೆ ಅದು ಸಾಕ್ಷಿ, ಅಷ್ಟೆ. ಮುಂದೆ ಎಂದಾದರೂ ಬಸ್ಸು ಘಟ್ಟದ ತಿರುವಿನಲ್ಲಿ ಏದುಸಿರುಬಿಟ್ಟು, ಚಾಲಕನ ಕೈ ಗಿಯರಿನ ಹಿಡಿಯತ್ತ ಚಾಚಿದಾಗ, ಗಾಡಿಯ ಹಿಂದೆ ನಿಂತು ತಳ್ಳಿದ ಆ ಇಬ್ಬರು ಹುಡುಗರನ್ನೂ ಮುಂದೆ ಕುಳಿತು ಏರನ್ನು ದಿಟ್ಟಿಸಿದ ಅವರ ತಾಯಿಯನ್ನೂ ನಾವು ಒಮ್ಮೆ ನೆನೆಯೋಣ.